ತೆಲುಗು ಕಲ್ತ ಮರಿ

ನಂಗೆ ನಾಯಿಮರಿ ಸಾಕೋದು ಬರ್ತೈತೆ, ಸಾಕಿ ಕಳ್ಸೋದು ಇನ್ನೂ ಬಂದಿಲ್ಲ. ಮೊಬೈಲಲ್ಲಿ ವಿಡಿಯೋ ನೋಡಿನೇ ಎಲ್ಲಾ ಕಲ್ತೋಳು ನಾನು. ಸೀಸೇಲಿ ಹಾಲು ಕುಡ್ಸೋದು, ಜಂತುಹುಳದ ಔಷಧಿ ಹಾಕೋದು, ಎಲ್ಲಾ ಗೊತ್ತು. ಬಿಟ್ಟುಕೊಡೋದು ಹೆಂಗೆ ಅನ್ನೋ ವಿಡಿಯೋ ಮಾತ್ರ ಪೂರ್ತಿ ನೋಡಕ್ಕಾಗ್ಲಿಲ್ಲ.

ಚಳ್ಳಕೆರೇಲಿ ಬೀದಿನಾಯಿಗಳಿಗೆ ಅಂತ ಒಂದು ಶೆಡ್ ಐತೆ. ಅಲ್ಲಿ ಜಾಗ ಸಾಲ್ದಾಗ ಮರಿಗಳನ್ನ ನಮ್ಮಂಥೋರ ಮನೇಗೆ ಕೊಡ್ತಾರೆ; ಯಾರಾದ್ರೂ ಸಾಕೋರು ಸಿಗೋವರ್ಗೂ ನಾವು ನೋಡ್ಕೋಬೇಕು. ಹಂಗೇ ಒಂದು ಕಂದು ಹೆಣ್ಮರಿ ನನ್ನ ವೇಲ್ ಒಳಗೆ ಕೂತು, ಬಸ್ಸಲ್ಲಿ ಮೊಳಕಾಲ್ಮೂರಿಗೆ ಬಂತು. ಹೆಸರಿಟ್ರೆ ಅಂಟ್ಕೊಂಬಿಡ್ತೀವಿ, ಇಡಬಾರ್ದು ಅನ್ನೋದು ನನ್ನ ನಿಯಮ. ಅವ್ವ ಅವತ್ತೇ "ಬುಜ್ಜಿ" ಅಂದ್ಳು.

"ಅದು ಹೆಸರಲ್ಲ ಬಿಡೇ, ನಿನ್ನೂ ಹಂಗೇ ಕರೀತಿದ್ದೆ" ಅಂತ ಸಮಾಧಾನ ಬೇರೆ.

ಅವ್ವ ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಟು ಸೀರೆ ನೇಯ್ತಿದ್ರೆ ಬುಜ್ಜಿ ಅಲ್ಲೇ ಕಾಲ್ ಪಕ್ಕ ಮಲಗೋಳು. ರೇಷ್ಮೆಗೆ ಬಾಯಿ ಹಾಕಿದ್ರೆ "ವದ್ದು", ಬೇಡ ಅಂತ. ಕೂರ್ಸೋಕೆ "ಕೂಸೋ". ಮನೇಲಿ ನಾವಾಡೋದು ತೆಲುಗು. ಮರಿ ಅದನ್ನೇ ಕಲೀತೈತೆ ಅಂತ ಯಾರಿಗೆ ಹೊಳೀಬೇಕು?

ಮರಿ ಸ್ವಲ್ಪ ಬೆಳೆದ್ಮೇಲೆ ದೊಡ್ಡಉಳ್ಳಾರ್ತಿಯ ಓಬಣ್ಣ ಅನ್ನೋರು, ಕುರಿ ಮೇಯ್ಸೋರು, ಬಂದು ಕರ್ಕೊಂಡು ಹೋದ್ರು. ಮಾರನೇ ದಿನಾನೇ ಫೋನು.

"ತಂಗೀ, ನಿಮ್ಮ ನಾಯಿಗೆ ಕಿವಿ ಕೇಳಲ್ವಾ? ಬಾ ಅಂದ್ರೆ ನನ್ನ ಮಖನೇ ನೋಡ್ತೈತೆ."

ಕಿವಿ ಐತೆ, ಕನ್ನಡ ಇಲ್ಲ. ನಮ್ಮೂರ ಹತ್ರದ ಸಿದ್ದಾಪುರದ ಬಂಡೆ ಮೇಲೆ ಹಳೇ ಚಕ್ರವರ್ತಿಯೊಬ್ಬ ಪ್ರಾಣಿಗಳ ಮೇಲೆ ದಯೆ ಇರ್ಲಿ ಅಂತ ಕೊರೆಸಿದ್ದಾನಲ್ಲ, ಅದೂ ಪ್ರಾಕೃತದಲ್ಲಿ. ಇಲ್ಲಿ ಕುರಿ ಕಾಯೋರಿಗೆ ಅದೆಷ್ಟು ತಿಳೀತೋ. ದಯೆ ತೋರ್ಸೋ ಆತುರದಲ್ಲಿ ಭಾಷೆ ಮರೆಯೋದು ಈ ಸೀಮೆಯ ಹಳೇ ಚಾಳಿ ಅನ್ಸುತ್ತೆ.

ಫೋನಲ್ಲೇ ಓಬಣ್ಣಂಗೆ ತೆಲುಗು ಪಾಠ ಶುರುವಾಯ್ತು. ಅವ್ರು ಬೇಗ ಕಲ್ತ್ರು, ನಂಗೇ ಬೇಜಾರಾಗೋಷ್ಟು ಬೇಗ. ಆಮೇಲೊಂದು ಸಂಜೆ ಮತ್ತೆ ಫೋನ್ ಮಾಡಿದ್ರು.

"ಹಗಲೆಲ್ಲಾ ಚೆನ್ನಾಗೇ ಇರ್ತಾಳೆ. ಕುರಿ ಹಟ್ಟಿಗೆ ಹೊಡೀವಾಗ ಮಾತ್ರ ಹುಲ್ಲು ಕಾವಲ್ ಮಧ್ಯೆ ನಿಂತು ರಸ್ತೇನೇ ನೋಡ್ತಾಳೆ. ಈಗ್ಲೂ ಹಂಗೇ ನಿಂತವ್ಳೆ. ತೋಳದ ಕಾಟ ಐತೆ ಇಲ್ಲಿ. ಒಗ್ಗದಿದ್ರೆ ವಾಪಸ್ ತರ್ಲಾ?"

ವಾಪಸ್ ಅಂದಿದ್ದೇ ತಡ, ನನ್ನೊಳಗೆ ಏನೋ ಬಾಲ ಅಲ್ಲಾಡಿಸ್ತು. ತನ್ನಿ ಅಂದ್ರೆ ಮುಗೀತು. ಅವ್ವ ಈಗ್ಲೂ ಗುಂಡೀಗೆ ಕಾಲಿಡೋ ಮೊದ್ಲು ಬಗ್ಗಿ ನೋಡ್ತಾಳೆ. ಆದ್ರೆ ಅಷ್ಟಗಲ ಹುಲ್ಲುಗಾವಲಲ್ಲಿ ಓಡಿದೋಳನ್ನ ಮತ್ತೆ ತಂದು ಗುಂಡೀಲಿ ಮಲಗ್ಸೋದಾ? ಶೆಡ್ಡಲ್ಲಿ ನಮ್ಮನೇ ಜಾಗಕ್ಕೆ ಕಾಯೋ ಮರಿಗಳು ಬೇರೆ ಅವೆ.

ಬುಜ್ಜಿ ಇಲ್ಲಿದ್ದಾಗ ದಿನಾ ಸಂಜೆ ಬಯಲಲ್ಲಿ ಓಡಾಡ್ಸಿ, ವಾಪಸ್ ಹೊರಡೋವಾಗ ನಾನೊಂದು ಮಾತು ಹೇಳ್ತಿದ್ದೆ. ಅದೊಂದನ್ನ ಯಾಕೋ ಓಬಣ್ಣಂಗೆ ಹೇಳಿರ್ಲಿಲ್ಲ.

"ಅಣ್ಣಾ, 'ಇಂಟಿಕಿ ಪೋದಾಂ' ಅನ್ನಿ. ಮನೇಗೆ ಹೋಗೋಣ ಅಂತ."

ಫೋನ್ ಕಿವೀಲಿಟ್ಕೊಂಡೇ ಅವ್ರು ಕೂಗಿದ್ರು, ಕುರಿ ಕರೆಯೋ ರಾಗದಲ್ಲಿ. ಗಾಳಿ ಸದ್ದು. ಕುರಿ ಗಂಟೆ ಸದ್ದು. ಆಮೇಲೆ ಅವ್ರ ನಗು.

"ಬಂದ್ಳು ಕಣವ್ವ. ನನ್ನೂ ದಾಟ್ಕೊಂಡು ಹಟ್ಟಿ ಒಳಗೋದ್ಳು."

ಆಮೇಲೆ ಫೋನ್ ಬಂದಿಲ್ಲ. ಬರ್ದಿರೋದೇ ಒಳ್ಳೇ ಸುದ್ದಿ ಅಂತ ಗೊತ್ತು, ಆದ್ರೂ ಚಾರ್ಜ್ ಇಳಿಯಕ್ಕೆ ಬಿಡಲ್ಲ ನಾನು. ಸಂಜೆ ಬಯಲಿಗೆ ಈಗ ಒಬ್ಳೇ ಹೋಗ್ತೀನಿ. ಹೊತ್ತು ಇಳಿದ್ಮೇಲೆ ಆ ಮಾತು ತಾನಾಗೇ ಬಾಯಿಗೆ ಬರ್ತೈತೆ. ಕೇಳೋಕೆ ಯಾರೂ ಇರಲ್ಲ. ಹೇಳಿದ್ಮೇಲೆ ಯಾರಾದ್ರೂ ಹೋಗ್ಲೇಬೇಕಲ್ಲ, ನಾನೇ ಎದ್ದು ಮನೇಗೆ ಬರ್ತೀನಿ.