ಸೊಟ್ಟ ಕಾರಿಗೆ ಹೊಸ ಹುಡ್

ಲಕ್ಷ್ಮೀಪುರಂನ ನಮ್ಮ ಮನೆಯ ಶೆಡ್ಡಿನಲ್ಲಿರುವ ತೆರೆದ ಕಾರು ನನ್ನ ತಾತ ಕೊಂಡದ್ದು. ಎಂಜಿನ್ ಈಗಲೂ ಗಟ್ಟಿ, ನಾನೇ ಓಡಿಸುತ್ತೇನೆ. ಆದರೆ ಹೋದ ವರ್ಷ ಒಂದು ದಿನ ಅದರ ಮಡಚುವ ಚಾವಣಿ, ಅಂದರೆ ಹುಡ್, ಬಿಚ್ಚಲು ಹೋದಾಗ ಎಡಗಡೆಯ ಕಬ್ಬಿಣದ ತೋಳು ತುಂಡುತುಂಡಾಗಿ ನನ್ನ ಕೈಗೇ ಬಂತು. ಮರದ ಕಮಾನುಗಳನ್ನು ಗೆದ್ದಲು ಆಗಲೇ ತಿಂದು ಮುಗಿಸಿತ್ತು. ಇಡೀ ಫ್ರೇಮನ್ನೇ ಹೊಸದಾಗಿ ಮಾಡಿಸುವುದೆಂದು ತೀರ್ಮಾನಿಸಿದೆ.

ಉದಯಗಿರಿಯಲ್ಲಿ ಹಳೆಯ ಕಾರುಗಳ ಟಿಂಕರಿಂಗ್ ಮಾಡುವ ಸಾಹೇಬರೊಬ್ಬರಿದ್ದಾರೆ. ಅರವತ್ತು ದಾಟಿದವರು, ಮಾತು ಕಡಿಮೆ. ಬಲಗಡೆಯ ತೋಳು ಇಡಿಯಾಗಿ ಉಳಿದಿದ್ದರಿಂದ ಅದರ ಅಳತೆಯನ್ನೇ ಎರಡೂ ಕಡೆಗೆ ಹಿಡಿದು ಮೂರು ವಾರದಲ್ಲಿ ಫ್ರೇಮು ಮುಗಿಸಿದರು. ಒಂದು ಭಾನುವಾರ ಬೆಳಿಗ್ಗೆ ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮನೆಗೇ ಬಂದರು.

ಬಲಗಡೆ ಸಲೀಸಾಗಿ ಕೂತಿತು. ಎಡಗಡೆ ಮಾತ್ರ ಮುಂದಿನ ಗಾಜನ್ನು ದಾಟಿ ಎರಡು ಬೆರಳಿನಷ್ಟು ಹೊರಚಾಚಿತು. ಬಿಚ್ಚಿ ಮತ್ತೆ ಹಾಕಿದರು. ಅದೇ ಎರಡು ಬೆರಳು.

“ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಮೇಡಂ. ನನ್ನ ಅಳತೆ ತಪ್ಪಿಲ್ಲ,” ಎಂದರು ಸಾಹೇಬರು. ಮುಖ ಕೆಂಪಗಾಗಿತ್ತು.

ತಪ್ಪಿಲ್ಲವೆಂದು ನನಗೂ ಗೊತ್ತಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಮಾಡಿದ ಕ್ರಮ ಸರಿಯಿದ್ದೂ ಉತ್ತರ ತಪ್ಪಿದರೆ, ಕೊಟ್ಟ ಪ್ರಶ್ನೆಯನ್ನೇ ಇನ್ನೊಮ್ಮೆ ನೋಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಒಳಗಿನಿಂದ ಹೂ ಕಟ್ಟುವ ದಾರ ತಂದೆ. ಕಾರಿನ ಹಿಂದಿನ ಬಲಮೂಲೆಯಿಂದ ಮುಂದಿನ ಎಡಮೂಲೆಗೆ ಎಳೆದು ಅಲ್ಲಿಗೊಂದು ಗಂಟು ಹಾಕಿದೆ. ಅದೇ ದಾರವನ್ನು ಹಿಂದಿನ ಎಡಮೂಲೆಯಿಂದ ಮುಂದಿನ ಬಲಮೂಲೆಗೆ ಎಳೆದರೆ ಗಂಟು ಅಲ್ಲಿಗೆ ಮುಟ್ಟಲೇ ಇಲ್ಲ.

“ಸಾಹೇಬ್ರೇ, ನಿಮ್ಮ ಫ್ರೇಮು ನೆಟ್ಟಗಿದೆ. ಸೊಟ್ಟಗಿರೋದು ಕಾರು!”

ಅವರು ನಂಬದೆ ದಾರ ಇಸಿದುಕೊಂಡು ತಾವೇ ಎರಡು ಸಲ ಹಿಡಿದು ನೋಡಿದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೀನ್ಸ್ ನಾರು ತೆಗೆಯುತ್ತಿದ್ದ ಅಮ್ಮ ಜೋರಾಗಿ ನಗತೊಡಗಿದರು.

“ಅದು ನಿಮ್ಮಪ್ಪನ ಕೆಲಸ ಕಣೇ. ನೀನಿನ್ನೂ ಹುಟ್ಟಿರ್ಲಿಲ್ಲ. ಡ್ರೈವಿಂಗ್ ಕಲೀತೀನಿ ಅಂತ ಹೋಗಿ ಗೇಟಿನ ಕಂಬಕ್ಕೆ ಗುದ್ಬುಟ್ರು. ನಿಮ್ಮ ತಾತ ಊರಲ್ಲಿರ್ಲಿಲ್ಲ. ಅವರು ವಾಪಸ್ ಬರೋದ್ರೊಳಗೆ ಮಂಡಿ ಮೊಹಲ್ಲಾದಲ್ಲಿ ತಟ್ಟಿಸಿ, ಬಣ್ಣ ಹೊಡೆಸಿ ತಂದು ನಿಲ್ಲಿಸಿದ್ರು. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು.”

“ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲಮ್ಮ!”

“ನೀನು ಕೇಳಿದ್ರೆ ತಾನೆ?”

ನನಗೆ ನಗು ತಡೆಯಲಾಗಲಿಲ್ಲ. ಇದೇ ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದವರು ಅಪ್ಪ. ಗೇರು ಬದಲಿಸುವಾಗ ಸ್ವಲ್ಪ ಸದ್ದಾದರೂ ರೇಗುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಆ ಬೆಳಿಗ್ಗೆ, ಅಪ್ಪನ ಮೇಲೆ ನನಗೆ ತುಂಬ ಪ್ರೀತಿ ಬಂತು.

ಅಷ್ಟರಲ್ಲಿ ಸಾಹೇಬರು ಹಳೆಯ ಎಡತೋಳಿನ ತುಕ್ಕು ಹಿಡಿದ ತುಂಡೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ತುಕ್ಕಿನ ಕೆಳಗೆ ಕತ್ತರಿಸಿ ಬೆಸೆದ ಗುರುತು ಕಾಣಿಸಿತು.

“ನೋಡಿ ಮೇಡಂ, ಆಗ್ಲೇ ಯಾರೋ ಇದನ್ನ ಗಿಡ್ಡ ಮಾಡಿದ್ದಾರೆ. ಎಂಥಾ ಕೈ! ಬೆಸುಗೆ ಗೊತ್ತೇ ಆಗಲ್ಲ,” ಎಂದವರು ತುಂಡನ್ನು ಕೆಳಗಿಟ್ಟು, “ಬೇಕಾದ್ರೆ ಬಾಡೀನೇ ನೆಟ್ಟಗೆ ಮಾಡ್ಕೊಡ್ತೀನಿ,” ಎಂದರು.

“ಬೇಡ. ಕಾರು ಹೇಗಿದೆಯೋ ಹಾಗೇ ಇರ್ಲಿ. ತೋಳೇ ಗಿಡ್ಡ ಮಾಡಿ.”

ಆ ಮಾತಿಗೆ ಅವರೂ ನಕ್ಕರು. ತೋಳನ್ನು ಉದಯಗಿರಿಗೆ ಒಯ್ದು ಎರಡು ಬೆರಳಿನಷ್ಟು ಕತ್ತರಿಸಿ ಬೆಸೆದರು. ಸಂಜೆಯೇ ತಂದು ಹಾಕಿದಾಗ ಎರಡೂ ಕಡೆಯ ಚಿಲಕಗಳು ಒಟ್ಟಿಗೆ ಟಕ್ಕೆಂದು ಬಿದ್ದವು. ಹತ್ತು ಸಲ ತೆರೆದೆ, ಹತ್ತು ಸಲ ಮುಚ್ಚಿದೆ. ಎಲ್ಲೂ ಹಿಡಿಯಲಿಲ್ಲ.

ಮೇಲೆ ಕ್ಯಾನ್ವಾಸ್ ಹೊಲಿಸಿದ್ದಾದ ಮೇಲೆ, ಸುರಿಯುವ ಮಳೆಯಲ್ಲೇ ಅಮ್ಮನನ್ನು ಕೂರಿಸಿಕೊಂಡು ಉದಯಗಿರಿಗೆ ಹೋದೆ. ಸಾಹೇಬರು ಕೊಡೆ ಹಿಡಿದು ಹೊರಬಂದು, ತಲೆ ಒಳಗೆ ಹಾಕಿ, ಕಮಾನುಗಳ ಮೇಲೆಲ್ಲ ಕೈಯಾಡಿಸಿದರು. ಒಂದು ಹನಿಯೂ ಇರಲಿಲ್ಲ.

“ಇಳೀರಿ ಅಮ್ಮಾ, ಟೀ ತರಿಸ್ತೀನಿ.”

“ಇಲ್ಲೇ ತಂದ್ಕೊಡಿ. ಇಲ್ಲಿ ಬೆಚ್ಚಗಿದೆ,” ಎಂದರು ಅಮ್ಮ.