ಗಾಜಿನ್ಯಾಗಿನ ಸಿದ್ದಕ್ಕ

ಮನಷ್ಯಾ ಅಂದಮ್ಯಾಲ ಏನರ ಒಂದು ಹುಚ್ಚು ಇರಬೇಕು ಅಂತಾರ. ಇರಲಿ, ಬ್ಯಾಡ ಅಂದವರ್ಯಾರು? ದಾಂಡೇಲಿ ಕಾಗದದ ಮಿಲ್ಲಿನ್ಯಾಗ ಬಿದಿರು ಕತ್ತರಿಸೂ ಮಶೀನಿನ ಮುಂದ ನಿಂತು ಹರೇದ ವಯಸ್ಸೆಲ್ಲಾ ಕಳದ ಲಗಮಪ್ಪಗ ಇದ್ದದ್ದು ಹಳೇ ಕ್ಯಾಮೆರಾದ ಹುಚ್ಚು. ಕುಡೀತಿರಲಿಲ್ಲ, ಇಸ್ಪೀಟು ಮುಟ್ಟತಿರಲಿಲ್ಲ, ತಂಬಾಕು ಸೈತ ಇಲ್ಲ. ಆದ್ರ ಎಲ್ಲೆರ ಒಂದು ಹಳೇ ಕ್ಯಾಮೆರಾ ಐತಿ ಅಂತ ಕಿವಿಗೆ ಬಿತ್ತೋ, ಮುಗೀತು, ಅವತ್ತು ಆಂವಗ ರೊಟ್ಟಿ ಗಂಟಲದಾಗ ಇಳೀತಿರಲಿಲ್ಲ.

ಮಿಲ್ಲಿನ ಕ್ವಾರ್ಟರ್ಸಿನ್ಯಾಗ ಬ್ಯಾರೆಯವ್ರು ಹಿತ್ತಾಳಿ ಕೊಡ, ತಂಬಿಗಿ ತಿಕ್ಕಿ ಸಾಲಾಗಿ ಇಡೂ ಮಾಡದಾಗ ಇವರ ಮನ್ಯಾಗ ಕ್ಯಾಮೆರಾ ಕುಂತಿದ್ವು. ಡಬ್ಬಿಯಂಥಾವು, ಚರ್ಮದ ಅಂಗಿ ತೊಟ್ಟಾವು, ತಿದಿ ಊದಿದಂಗ ಮುಂದ ಬರೂವಂಥಾವು. ಕೆಲವಕ್ಕ ಗುಂಡಿ ಒತ್ತಿದ್ರ ಟಕ್ ಅನ್ನೂ ಸಪ್ಪಳ ಸೈತ ಬರತಿರಲಿಲ್ಲ. ಅವನ್ನೆಲ್ಲಾ ದಿನಾ ಧೂಳು ಒರಸಿ ಇಡಾಕಿ ಸಿದ್ದಕ್ಕ, ಆಂವನ ಹೆಂಡತಿ.

"ಇವಕ್ಕೂ ಒಂದೊಂದು ತುತ್ತು ಉಣಸೂಣೇನ್ರಿ?" ಅಂತ ಚಾಷ್ಟಿ ಮಾಡತಿದ್ಲು. ಬೈಲಹೊಂಗಲ ಕಡೀ ಹೆಣ್ಣಮಗಳು, ಬಾಯಿ ಜೋರು, ಮನಸು ಬೆಣ್ಣಿ. ಅಕಿಗೆ ಒಂದು ಕಣ್ಣು ಚೂರು ಮೆಳ್ಳಗಣ್ಣು. ಭಾಳ ಇಲ್ಲ, ನಗೂ ಮುಂದ ಒಂದು ಗುಡ್ಡಿ ಮೂಗಿನ ಕಡೆ ಹೊಳ್ಳತಿತ್ತು, ಅಷ್ಟ. ಅದಕ್ಕ ಅಕಿ ಮಂದಿ ಮುಂದ ಕಣ್ಣೆತ್ತಿ ನಗತಿರಲಿಲ್ಲ. ಮದವಿ ಫೋಟೋದಾಗ ಸೈತ ತಲಿ ಬಗ್ಗಿಸಿ ನೆಲಾ ನೋಡ್ಯಾಳ. "ಹುಡುಗಿ ನಾಚಿಕಿ ನೋಡು" ಅಂತ ಬೀಗರು ಹೊಗಳಿದ್ರಂತ. ನಾಚಿಕಿ ಅಲ್ಲ, ಕಣ್ಣು ಮುಚ್ಚಿಡೂ ಹಿಕಮತ್ತು ಅದು.

ಲಗಮಪ್ಪನ ಕ್ಯಾಮೆರಾದಾಗೆಲ್ಲಾ ಹಿರೇದು ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಬಂದದ್ದು. ಅಲ್ಲಿ ಸ್ವೆಟರ್ ಮಾರೂ ಮುದುಕಿ ಒಬ್ಬಾಕಿ ಇದ್ಲು. ಎಲ್ಲಾರೂ ಅಕಿನ್ನ ಅಮಾಲಾ ಅಂತಿದ್ರು. ಅವರ ಮಾತಿನ್ಯಾಗ ಅದು "ಅವ್ವಾ" ಅಂದಂಗ. ನಮ್ಮ ಲಗಮಪ್ಪ ಅದ ಅಕಿ ಹೆಸರು ಅಂತ ತಿಳಕೊಂಡು "ಅಮಾಲಾಬಾಯಾರ" ಅಂತ ಕರೀತಿದ್ದ, ಅಕಿ ಬೊಚ್ಚ ಬಾಯಿ ತಗದು ನಗತಿದ್ಲು. ಗುಂಪಾ, ಅಂದ್ರ ಅವರ ಮಠ, ನೋಡಾಕ ಬಂದ ಪರದೇಶದಾಂವ ಒಬ್ಬಾಂವ ಕೊಟ್ಟು ಹೋಗಿದ್ದ ಎರಡು ಕಣ್ಣಿನ ಕ್ಯಾಮೆರಾ ಅಕಿ ಹಂತೇಲಿ ಇತ್ತು. ಒಂದರ ಮ್ಯಾಲ ಒಂದು ಎರಡು ಗಾಜಿನ ಕಣ್ಣು. ಮ್ಯಾಲಿನ ಕಣ್ಣು ನೋಡಾಕ, ಕೆಳಗಿನ ಕಣ್ಣು ಫೋಟೋ ಹಿಡಿಯಾಕ. ಹೊಟ್ಟಿ ಹತ್ರ ಹಿಡಕೊಂಡು, ತಲಿ ಬಗ್ಗಿಸಿ, ನೆತ್ತಿ ಮ್ಯಾಲಿನ ಗಾಜಿನ್ಯಾಗ ನೋಡಬೇಕು. ಮುಂದ ನಿಂತಾವ್ರು ಆ ಗಾಜಿನ್ಯಾಗ ಬಣ್ಣಬಣ್ಣವಾಗಿ ಮೂಡತಿದ್ರು. ಆದ್ರ ಒಂದು ಗಮ್ಮತ್ತು ಐತಿ, ನೆನಪಿಟ್ಟುಕೋರಿ: ಆ ಗಾಜಿನ್ಯಾಗ ಎಡ ಇದ್ದದ್ದು ಬಲ, ಬಲ ಇದ್ದದ್ದು ಎಡ.

ಅದು ಬಂದ ದಿನದಿಂದ ಸಿದ್ದಕ್ಕಗ ಹೊಸಾ ಕೆಲಸ ಹತ್ತಿತು. ಮಿಲ್ಲಿನ ಭೋಂಗಾ ಕೂಗಿ, ಪಾಳಿ ಬಿಟ್ಟು ಮನಿಗೆ ಬಂದು ಚಾ ಕುಡದನೋ ಇಲ್ಲೋ, "ಸಿದ್ದಿ, ಬಾ ನಿಂದ್ರು" ಅಂತಿದ್ದ. ಹಿತ್ತಲದಾಗ ಅರಬಿ ಒಗಿಯೂ ಕಲ್ಲಿತ್ತು, ಅದರ ಬಾಜೂಕ ಪಪ್ಪಾಯಿ ಗಿಡ. ಅಲ್ಲಿ ಅಕಿ ನಿಂದ್ರಬೇಕು. ಆಂವ ಗಾಜು ತಿರುವಿ ತಿರುವಿ ಅಕಿ ಮಾರಿ ಸ್ವಚ್ಛ ಕಾಣೂವಂಗ ಮಾಡತಿದ್ದ.

"ಬಲಕ್ಕ ಸರಿ."

ಅಕಿ ತನ್ನ ಬಲಕ್ಕ ಸರದ್ರ ಗಾಜಿನ್ಯಾಗಿನಾಕಿ ತನ್ನ ಎಡಗೈ ಕಡೆ ಹೋಗತಿದ್ಲು.

"ಏ, ಬಲಕ್ಕ ಅಂದೆ! ಉಣ್ಣು ಕೈ ಯಾವುದು ಗೊತ್ತಿಲ್ಲೇನು ನಿನಗ?"

"ಉಣ್ಣು ಕೈ ಕಡೆನ ಸರದೇನ್ರಿ ನಾ. ನಿಮ್ಮ ಪೆಟಿಗ್ಯಾಗ ಲೋಕಾನ ಉಲ್ಟಾ ಐತಿ, ನಾ ಏನ್ ಮಾಡ್ಲಿ?"

ಇಬ್ಬರೂ ನಗತಿದ್ರು. ಆ ಪೆಟಿಗಿ ಮುಂದ ಮಾತ್ರ ಸಿದ್ದಕ್ಕ ಕಣ್ಣೆತ್ತಿ, ಹಲ್ಲು ಬಿಟ್ಟು, ಮೆಳ್ಳಗಣ್ಣು ಹೊಳ್ಳಿಸಿ ನಗತಿದ್ಲು. ಯಾಕಂದ್ರ ಒಳಗ ರೋಲ್ ಇರತಿರಲಿಲ್ಲ, ಅದು ಅಕಿಗೆ ಗೊತ್ತಿತ್ತು. ಗುಂಡಿ ಟಕ್ ಅಂತಿತ್ತು, ಅಕಿ ಒಳಗ ಹೋಗಿ ಒಲಿ ಹಚ್ಚತಿದ್ಲು. ವರ್ಷಾನುಗಟ್ಟಲೆ ಹಿಂಗ ನಡೀತು. ದಾಂಡೇಲಿಯೊಳಗ ಅಷ್ಟು ಸಲ ಕ್ಯಾಮೆರಾ ಮುಂದ ನಿಂತ ಹೆಣ್ಣಮಗಳು ಮತ್ತೊಬ್ಬಾಕಿ ಇರಲಿಕ್ಕಿಲ್ಲ. ಆ ತಲಿ ಬಗ್ಗಿಸಿದ ಮದವಿ ಫೋಟೋ ಬಿಟ್ರ ಅಕಿದು ಒಂದ ಒಂದು ಫೋಟೋ ಇರಲಿಲ್ಲ.

ಹಂಗಂತ ರೋಲ್ ಹಾಕತಾನ ಇರಲಿಲ್ಲ ಅಂತಲ್ಲ. ಹಾಕತಿದ್ದ. ಮಂದಿ ಮನೀ ತೊಟ್ಟಿಲಕ್ಕ, ಮಿಲ್ಲಿನ್ಯಾಗ ರಿಟೈರ್ ಆದವರ ಹಾರಕ್ಕ, ಕಾಳಿ ಹೊಳಿ ದಂಡಿಗೆ ಬಂದ ಎಮ್ಮಿಗೆ! ಊರಿಗೆ ಉಪಕಾರಿ, ಮನಿಗೆ ಮಾರಿ. ಒಬ್ಬಾಕಿ ಮಗಳು ಸುವರ್ಣಾನ ಮದವ್ಯಾಗ ತಾನ ನಿಂತು ಫೋಟೋ ತಗದ. ಅಡಗಿ ಮನ್ಯಾಗಿಂದ ಸಿದ್ದಕ್ಕ ಕೈ ಒರಸಿಕೋತ ಹೊರಗ ಬರೂದ್ರಾಗ ರೋಲ್ ತೀರಿತ್ತು.

"ಇರಲಿ ಬಿಡ. ನೀ ಮನ್ಯಾಗ ಇರಾಕಿ, ಎಲ್ಲಿ ಓಡಿ ಹೋಗ್ತಿ? ನಾಳೆ ತಗದ್ರಾತು" ಅಂದ.

ನಾಳೆ ಅಂದವನ ಮನಿ ಹಾಳು ಅಂತ ನಮ್ಮ ಹಿರ್ಯಾರು ಸುಮ್ಮನ ಹೇಳಿಲ್ಲ.

ಸುವರ್ಣಾನ್ನ ಹಳಿಯಾಳದ ಹತ್ರ ತೇರಗಾಂವಕ್ಕ ಕೊಟ್ಟಿದ್ರು. ಒಂದ್ ಸಲ ಸಿದ್ದಕ್ಕ ಮಗಳ ಮನಿಗೆ ಹೋಗಿ ಬಂದಾಕಿ ಎರಡು ದಿನ ಸುಮ್ಮನಿದ್ಲು. ಅಕಿ ಸುಮ್ಮನಿದ್ಲು ಅಂದ್ರ ಏನೋ ಐತಿ ಅಂತ. ಆಮ್ಯಾಲ ರೊಟ್ಟಿ ಬಡಕೋತ ಅಂದ್ಲು, "ಏನ್ರಿ, ಬೀಗತಿ ಫೋಟೋ ಪಡಸಾಲ್ಯಾಗ ಎಷ್ಟ್ ಛಂದ ಹಾಕ್ಯಾರ. ನಂದೂ ಒಂದು ತಗೀರಲಾ. ಖರೇ ಖರೇದು, ರೋಲ್ ಹಾಕಿ. ಕಣ್ಣೆತ್ತಿ ನಿಂದರತೇನಿ ಈ ಸಲ. ಮೆಳ್ಳ ಇದ್ರ ಇರವಲ್ದಾಕ, ನನ್ನ ಕಣ್ಣ ಅಲ್ಲೇನ್ರಿ ಅದು?"

ಲಗಮಪ್ಪಗ ಎದಿ ತುಂಬಿ ಬಂತು. ಮಂದಿ ಫೋಟೋ ತಗಿಯೂ ಸಣ್ಣ ಕ್ಯಾಮೆರಾದಾಗ ಅವತ್ತ ತಗೀಬಹುದಾಗಿತ್ತು, ಅದರಾಗ ರೋಲ್ ಇತ್ತು. ಆದ್ರ ಸಿದ್ದಿ ಫೋಟೋ ಅಂದಮ್ಯಾಲ ಎರಡು ಕಣ್ಣಿನ ಕ್ಯಾಮೆರಾದಾಗನ ಆಗಬೇಕು ಅಂತ ಹಟ ಹಿಡದ. ಅದಕ್ಕ ಅಗಲದ ರೋಲ್ ಬೇಕು. ಅಷ್ಟೊತ್ತಿಗೆ ಕಾಲ ಬದಲಾಗಿತ್ತು, ದಾಂಡೇಲ್ಯಾಗೂ ಆ ರೋಲ್ ಇಲ್ಲ, ಹಳಿಯಾಳದಾಗೂ ಇಲ್ಲ. ಹುಬ್ಬಳ್ಳಿ ಅಂಗಡಿಯಾಂವ "ಮುಂಬೈದಿಂದ ತರಿಸಿಕೊಡ್ತೇನಿ ತಡೀರಿ" ಅಂದ. ಲಗಮಪ್ಪ ತಡದ. ರೋಲ್ ಬರೂ ಹೊತ್ತಿಗೆ ಮಳಿಗಾಲ ಹಿಡೀತು. ಬಿಸಲ ಬಿದ್ದಮ್ಯಾಲ ತಗೀತೇನಿ ಅಂತ ರೋಲಿನ ಡಬ್ಬಿ ದೇವರ ಜಗಲಿ ಮ್ಯಾಲ ಇಟ್ಟ.

ಆ ಮಳಿಗಾಲದಾಗ ಸಿದ್ದಕ್ಕಗ ಜ್ವರ ಬಂತು. ಬಂದದ್ದು ಇಳೀಲಿಲ್ಲ. ಸುವರ್ಣಾ ಬಂದು ತಾಯಿ ತಲಿ ಬಾಚಿ, ಗಂಜಿ ಕುಡಿಸಿ ಮಾಡಿದ್ಲು. ಔಷಧಾ ಆತು, ಹರಕಿ ಆತು. ಬಿಸಲ ಬಿತ್ತು ಒಂದಿನ, ಎಳೀ ಬಿಸಲ, ಫೋಟೋಕ್ಕ ಹೇಳಿ ಮಾಡಿಸಿದಂಥಾದ್ದು. ಅವತ್ತ ಮುಂಜಾನೆ ಸಿದ್ದಕ್ಕ ಹೋಗಿಬಿಟ್ಟಿದ್ಲು.

ಇವರ ಮಂದ್ಯಾಗ ಸತ್ತವರನ್ನ ಮಲಗಿಸೂದಿಲ್ಲ. ಜಳಕಾ ಮಾಡಿಸಿ, ವಿಭೂತಿ ಹಚ್ಚಿ, ಹೊಸಾ ಸೀರಿ ಉಡಿಸಿ ಗ್ವಾಡಿಗೆ ಆನಿಸಿ ಕುಂದ್ರಸತಾರ. ಸಿದ್ದಕ್ಕನ್ನೂ ಕಟ್ಟಿ ಮ್ಯಾಲ ಹಂಗ ಕುಂದ್ರಿಸಿದ್ರು. ಬಾಜೂ ಮನೀ ಮುದಕವ್ವ ಕಣ್ಣೀರು ಒರಸಿಕೋತ ಅಂದ್ಲು, "ಎಪ್ಪಾ ಲಗಮಪ್ಪಾ, ಊರ ಮಂದೀದೆಲ್ಲಾ ತಗದಿ. ಈಗರ ಅಕೀದು ಒಂದು ತಗೀಯಪ್ಪಾ. ನಾಳೆ ಗ್ವಾಡಿಗೆ ಹಾಕಾಕ ಒಂದು ಬೇಕಲಾ."

ಲಗಮಪ್ಪ ಜಗಲಿ ಮ್ಯಾಲಿನ ಡಬ್ಬಿ ಒಡದು ರೋಲ್ ಏರಿಸಿದ. ಹೊಟ್ಟಿ ಹತ್ರ ಕ್ಯಾಮೆರಾ ಹಿಡದು ತಲಿ ಬಗ್ಗಿಸಿದ. ಗಾಜಿನ್ಯಾಗ ಸಿದ್ದಕ್ಕ ಮೂಡಿದ್ಲು, ಆದ್ರ ಒಂದು ಮಗ್ಗಲಿಗೆ ವಾಲಿದ್ಲು. ಆಂವ ತಲಿ ಎತ್ತಲಿಲ್ಲ. ರೂಢಿ ನೋಡ್ರಿ, ಬಾಯಿ ತಾನ ಅಂತು:

"ಸಿದ್ದಿ, ಉಣ್ಣು ಕೈ ಕಡೆ ಚೂರು ಸರಿ."

ಕಟ್ಟಿ ಮುಂದ ಕುಂತ ಹೆಣ್ಣಮಕ್ಕಳು ಒಮ್ಮೆಲೆ ಹೋ ಅಂತ ಅತ್ತರು. ಸುವರ್ಣಾ ಎದ್ದು ಬಂದು ಅವ್ವನ ಹೆಗಲ ಹಿಡದು ಸರಿಸಿದ್ಲು. ಗುಂಡಿ ಟಕ್ ಅಂತು.

ಹಳಿಯಾಳದಾಗ ಅಡಿವೆಯ್ಯನವರದು ಹಳೇ ಸ್ಟುಡಿಯೋ. ಲಗಮಪ್ಪ ರೋಲ್ ತೊಳಸಾಕ ಯಾವತ್ತೂ ಹೋಗತಿದ್ದದ್ದು ಅಲ್ಲೇ. ಅಯ್ಯನವರ ಕೈಯಾಗ ಇನ್ನೊಂದು ವಿದ್ಯೆ ಇತ್ತು. ಕುಂದ್ರಿಸಿ ತಗದ ಹೆಣದ ಫೋಟೋಕ್ಕ ಸಣ್ಣ ಕುಂಚದಲೆ ತೆರದ ಕಣ್ಣು ಬರದು ಕೊಡತಿದ್ರು. ಕಣ್ಣು ಮುಚ್ಚಿದ ಫೋಟೋ ಪೂಜಿಗೆ ಹ್ಯಾಂಗ ಇಡೂದು? ಅದಕ್ಕ ಸುತ್ತಿನ ಹಳ್ಳಿ ಮಂದಿ ಎಲ್ಲಾ ಅವರಲ್ಲೇ ಬರತಿದ್ರು. ಸಿದ್ದಕ್ಕಗೂ ಕಣ್ಣು ಬರದು ಕೊಟ್ರು. ನೆಟ್ಟಗ, ದೊಡ್ಡಾವು, ದೇವಿ ಕಣ್ಣಿನಂಥಾವು.

ಸುವರ್ಣಾ ಫೋಟೋ ನೋಡಿ ಅಂದ್ಲು, "ಯಪ್ಪಾ, ಇಕಿ ಅವ್ವ ಅಲ್ಲ."

ಲಗಮಪ್ಪಗೂ ಹಂಗ ಅನಸಿತ್ತು. ಯಾರೋ ಪರರ ಹೆಂಡತಿ ತನ್ನ ಮನ್ಯಾಗ ಬಂದು ಕುಂತಂಗ. ತಿರುಗಿ ಹಳಿಯಾಳಕ್ಕ ಹೋದ.

"ಅಯ್ಯನವರ, ಅಕಿಗೆ ಒಂದು ಕಣ್ಣು ಮೆಳ್ಳ ಇತ್ರಿ. ಅದನ್ನ ಹಾಕಿ ಕೊಡ್ರಿ."

ಅಡಿವೆಯ್ಯ ಕುಂಚ ಕೆಳಗಿಟ್ರು. "ಅಲ್ಲೋ ತಮ್ಮಾ, ಮಂದಿ ಬಂದು ಇದ್ದ ಊನಾ ಮುಚ್ಚರಿ ಅಂತಾರ. ನೀ ಇಲ್ಲದ್ದನ್ನ ಹಾಕು ಅಂತೀಯಲ್ಲೋ."

"ಇಲ್ಲದ್ದಲ್ರಿ, ಇದ್ದದ್ದು. ಕಣ್ಣೆತ್ತಿ ನಿಂದರತೇನಿ ಅಂದಿದ್ಲು. ಅಕಿ ಕಣ್ಣು ಅಕಿಗೆ ಕೊಡ್ರಿ."

ಅಯ್ಯನವರು ಹೊಸಾ ಕಾಗದದ ಮ್ಯಾಲ ಫೋಟೋ ಇಳಿಸಿಕೊಂಡು ಬಂದು ಕುಂತರು. "ಆತು. ಯಾವ ಕಣ್ಣು ಹೇಳು. ಎಡದ್ದೋ, ಬಲದ್ದೋ?"

ಲಗಮಪ್ಪ ಬಾಯಿ ತಗದಾಂವ ಹಂಗ ನಿಂತ.

ನಗಬ್ಯಾಡ್ರಿ. ನಿಮ್ಮ ಹೆಂಡತಿ ಮಾರಿ ಮ್ಯಾಲಿನ ಮಚ್ಚಿ ಎಡಕ್ಕೈತೋ ಬಲಕ್ಕೈತೋ, ಈಗಿಂದೀಗ ಹೇಳ್ರಿ ನೋಡೂಣು. ಹೇಳಾಕ ಬಂತೇನು? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನ ಅಂತಾರೇನು?

ಲಗಮಪ್ಪ ಕಣ್ಣು ಮುಚ್ಚಿದ. ಎರಡೂ ಕೈ ಹೊಟ್ಟಿ ಹತ್ರ ತಂದು, ಖಾಲಿ ಕೈಯಾಗ ಕ್ಯಾಮೆರಾ ಹಿಡದಾಂವನಂಗ ತಲಿ ಬಗ್ಗಿಸಿದ. ಬಂದ್ಲು ಸಿದ್ದಿ. ಒಗಿಯೂ ಕಲ್ಲಿನ ಹತ್ರ ನಿಂತು ನಕ್ಕಳು, ಒಂದು ಗುಡ್ಡಿ ಹೊಳ್ಳಿತು. ಕಣ್ಣು ತಗದು ಫೋಟೋದ ಮ್ಯಾಲ ಬೆರಳಿಟ್ಟ. "ಇದ್ರಿ. ಈ ಕಡೇದು."

ಅಡಿವೆಯ್ಯ ಬರದು ಕೊಟ್ರು. ಲಗಮಪ್ಪ ನೋಡಿದ, ಅಲ್ಲೇ ಬಾಕಿನ ಮ್ಯಾಲ ಕುಂತು ಸಣ್ಣ ಹುಡುಗರಂಗ ಅತ್ತ. "ಇಕಿನ್ರೀ, ಇಕಿನ ನನ್ನ ಸಿದ್ದಿ" ಅಂದ. ಅಕಿ ಹೋದಮ್ಯಾಲ ಆಂವ ಅತ್ತದ್ದು ಅವತ್ತ ಮೊದಲು.

ಮನಿಗೆ ಬಂದು ಮಗಳ ಕೈಯಾಗ ಕೊಟ್ಟ. ಸುವರ್ಣಾ ಭಾಳೊತ್ತು ನೋಡಿದ್ಲು. ಹೇಳಲೋ ಬ್ಯಾಡೋ ಅಂತ ಸೆರಗಿನ ತುದಿ ತಿರುವಿದ್ಲು.

"ಯಪ್ಪಾ... ಕಣ್ಣು ತಪ್ಪೈತಿ. ಈ ಕಣ್ಣಲ್ಲ, ಆ ಕಣ್ಣು."

ಲಗಮಪ್ಪಗ ಸಿಟ್ಟು ನೆತ್ತಿಗೇರಿತು. "ಏನ್ ಮಾತಾಡ್ತಿಬೇ? ಅಕಿ ಕೂಡ ಬಾಳೆ ಮಾಡಿದಾಂವ ನಾನೋ ನೀನೋ? ದಿನಾ ನಿಂದ್ರಿಸಿ ನೋಡೇನಿ ನಾ ಅಕಿನ್ನ!"

"ನೋಡಿರಬಹುದು ಯಪ್ಪಾ. ಜ್ವರದಾಗ ದಿನಾ ಅವ್ವನ ಮಾರಿ ತೊಳದಾಕಿ ನಾ, ಕಾಡಿಗಿ ಹಚ್ಚಿದಾಕಿ ನಾ. ಎಡಗಣ್ಣು ಅದು. ನನಗ ಗೊತ್ತಿಲ್ಲೇನು?"

ಲಗಮಪ್ಪ ಮಾಡದ ಮ್ಯಾಲಿಂದ ಎರಡು ಕಣ್ಣಿನ ಕ್ಯಾಮೆರಾ ತಗೊಂಡ. "ಸುವ್ವೀ, ಬಾ ಇಲ್ಲಿ" ಅಂತ ಮಗಳನ್ನ ಹಿತ್ತಲಕ್ಕ ಕರಕೊಂಡು ಹೋಗಿ ಒಗಿಯೂ ಕಲ್ಲಿನ ಹತ್ರ ನಿಂದ್ರಿಸಿದ. ತಲಿ ಬಗ್ಗಿಸಿ ಗಾಜು ನೋಡಿದ. ಸುವರ್ಣಾನ ಗಲ್ಲದ ಮ್ಯಾಲ ಒಂದು ಮಚ್ಚಿ ಇತ್ತು, ಅದು ಪಪ್ಪಾಯಿ ಗಿಡದ ಕಡೀ ಗಲ್ಲಕ್ಕ ಕಂಡಿತು. ಗಿಡಾನೂ ಮಚ್ಚೀನೂ ಗಾಜಿನ ಎಡಕ್ಕ. ತಲಿ ಎತ್ತಿ ಮಗಳ ಮಾರಿ ನೋಡಿದ. ಗಿಡಾನೂ ಬಲಕ್ಕ, ಮಚ್ಚೀನೂ ಬಲಕ್ಕ. ಮತ್ತ ಗಾಜು ನೋಡಿದ, ಮತ್ತ ಮಾರಿ ನೋಡಿದ.

ಲೋಕಾನ ಉಲ್ಟಾ ಐತಿ ಅಂತ ಅಕಿ ನಗಾಡಿದ್ದಳಲ್ಲ, ಅದು ಆಂವಗ ಗೊತ್ತಿದ್ದದ್ದ. ಆದ್ರ ತಾ ಇಷ್ಟು ವರ್ಷ ಹೆಂಡತಿ ಅಂತ ಎದಿಯಾಗ ಇಟ್ಟಕೊಂಡದ್ದು ಆ ಗಾಜಿನ್ಯಾಗಿನ ಸಿದ್ದೀನ್ನ ಅಂತ ಈಗ ತಿಳೀತು. ಗಾಜಿನಾಚೆ, ಕೈಯಳತ್ಯಾಗ, ಕಣ್ಣೆತ್ತಿ ನಿಂತಾಕಿನ್ನ ಒಂದ್ ಸಲ ಸೈತ ತಲಿ ಎತ್ತಿ ಸರಿಯಾಗಿ ನೋಡಿರಲಿಲ್ಲ. ಕಣ್ಣಿದ್ದೂ ಕುಡ್ಡ ಆಗಿದ್ದ.

"ಯವ್ವಾ, ನಾ ನಿಮ್ಮವ್ವನ್ನ ನೋಡೇ ಇಲ್ಲವ್ವಾ" ಅಂದ.

ಸುವರ್ಣಾ ಕ್ಯಾಮೆರಾದ ಕಡೆ ನೋಡಿ ಕೇಳಿದ್ಲು, "ರೋಲ್ ಇನ್ನೂ ಐತಿ ಅಲ್ಲಾ ಅದರಾಗ? ನಂದರ ಒಂದು ತಗೀ ಯಪ್ಪಾ. ನಾಳೆ ಊರಿಗೆ ಹೋಗ್ತೇನಿ ನಾ."

ಆಂವ ಕ್ಯಾಮೆರಾ ಒಗಿಯೂ ಕಲ್ಲಿನ ಮ್ಯಾಲ ಇಟ್ಟ. ಮಗಳ ಮುಂದ ಬಂದು ನಿಂತ. ಅಕಿ ಹಣಿ ನೋಡಿದ, ಹುಬ್ಬು ನೋಡಿದ, ಮಚ್ಚಿ ನೋಡಿದ, ಎಡಗಣ್ಣು ಆತು, ಬಲಗಣ್ಣು ಆತು.

"ಯಾಕ ಯಪ್ಪಾ? ತಗೀವಲ್ಲಿ?"

"ಬ್ಯಾಡವ್ವಾ. ಚೂರು ನಿಂದ್ರು, ನೋಡ್ತೇನಿ" ಅಂದ ಲಗಮಪ್ಪ.