ಟವೆಲ್ಲಿನ ಕೆಳಗೆ ಒಂದು ಕೋಷ್ಟಕ

ಕೊಂಬಿಗೆ ಬಣ್ಣ ಹಚ್ಚಿದರೆ ಎತ್ತಿನ ವಯಸ್ಸು ಎರಡು ವರ್ಷ ಕಡಿಮೆಯಾಗುತ್ತದೆ. ಪಶುವೈದ್ಯರಿಗೆ ಇದು ಗೊತ್ತಿಲ್ಲ. ಭಾಲ್ಕಿಯ ದನದ ಸಂತೆಯಲ್ಲಿ ಹತ್ತು ವರ್ಷ ದಲ್ಲಾಳಿಯಾಗಿದ್ದ ನನಗೆ ಗೊತ್ತು. ಆದ್ದರಿಂದ ನೀವು ಎತ್ತು ಕೊಳ್ಳುವಾಗ ಕೊಂಬು ನೋಡಬೇಡಿ, ಹಲ್ಲು ನೋಡಿ. ಸಲಹೆಗೆ ನಾನು ಯಾವತ್ತೂ ಹಣ ಕೇಳಿದವನಲ್ಲ. ಬಹುಶಃ ಅದಕ್ಕೇ ಈವರೆಗೆ ಯಾರೂ ಅದನ್ನು ಪಾಲಿಸಿಲ್ಲ.

ಆಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಮಂದಿ ಹೈದರಾಬಾದಿಗೆ, ಪುಣೆಗೆ ಗುಳೆ ಹೋದರು. ಮೋಡಗಳು ಅವರಿಗಿಂತ ಮೊದಲೇ ಹೋಗಿದ್ದವು. ಸಂತೆಯಲ್ಲಿ ಮಾರುವವರೇ ಎಲ್ಲ, ಕೊಳ್ಳುವವರಿಲ್ಲ. ಇಬ್ಬರ ನಡುವೆ ನಿಂತು ಬದುಕುವವನು, ಒಂದು ಕಡೆ ಮಂದಿಯೇ ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕು? ನಾನು ಬೀದರಿನ ಚಿದ್ರಿಗೆ ಬಂದು, ಒಂದು ಹಳೆ ಕಂಪ್ಯೂಟರ್ ಇಟ್ಟುಕೊಂಡು, ಕಂಡವರನ್ನು ಕೇಳಿ ಕಲಿತು, ವೆಬ್‌ಸೈಟ್ ಮಾಡಿಕೊಡುವವನಾದೆ. ಕಸುಬು ಬದಲಾಯಿತು ಎಂದುಕೊಂಡಿದ್ದೆ. ಬದಲಾಗಿದ್ದು ಎತ್ತು ಮಾತ್ರ.

ಸಿಕ್ಕ ಮೊದಲ ದೊಡ್ಡ ಕೆಲಸ ಟ್ಯಾಂಕರಿನ ವೇಳಾಪಟ್ಟಿ. ಔರಾದ್ ಕಡೆಯ ಹಳ್ಳಿ, ತಾಂಡಾಗಳಿಗೆ ಯಾವ ದಿನ ನೀರು, ಎಷ್ಟು ಗಂಟೆಗೆ, ಎಷ್ಟು ಟ್ರಿಪ್ಪು ಎಂಬುದನ್ನು ಒಂದು ಪುಟದಲ್ಲಿ ಹಾಕಬೇಕು. ತಾಲ್ಲೂಕು ಕಚೇರಿಯವರು ದಿನಾ ಅದರಲ್ಲಿ ಅಂಕಿ ಬದಲಾಯಿಸುತ್ತಾರೆ. ನೀರಿಲ್ಲದ ಊರಿಗೆ ಮೊದಲು ವೆಬ್‌ಸೈಟ್ ಕೊಡಬೇಕೆಂಬ ವಿವೇಕ ಎಲ್ಲರಿಗೂ ಬರುವುದಿಲ್ಲ. ಅಲ್ಲಿನ ಸಾಹೇಬರದ್ದು ಒಂದೇ ಷರತ್ತು: "ಮೀಟಿಂಗಿನ್ಯಾಗ ಗ್ವಾಡಿ ಮ್ಯಾಲ ಬಿಟ್ರ ಎದ್ದು ಕಾಣಬೇಕ್ರಿ."

ಕಾಣಿಸಿದೆ. ವಾರದ ಹೆಸರುಗಳನ್ನು ಅಕ್ಷರದಲ್ಲಿ ಬರೆಯದೆ, ನೀರಿನ ಹನಿಯ ಮೇಲೆ ಕೂತ ಚಿತ್ರಗಳಾಗಿ ಮಾಡಿದೆ. ಕೋಷ್ಟಕದ ಎಂಟೆಂಟು ಮನೆಗಳನ್ನು ಒಡೆದು ಒಂದೇ ದೊಡ್ಡ ಮನೆ ಮಾಡಿ ಅದರಲ್ಲಿ ಹೋಬಳಿಯ ಹೆಸರನ್ನು ನೆಟ್ಟಗೆ ನಿಲ್ಲಿಸಿದೆ. ಟ್ಯಾಂಕರ್ ಬರುವ ದಿನ ಹಸಿರು, ಬಾರದ ದಿನ ಬರೀ ಕೆಂಪು. ಸಾಹೇಬರು ನೋಡಿ, "ಕಲ್ಲಂಗಡಿ ಕೊಯ್ದಂಗ ಅದ ನೋಡ್ರಿ" ಎಂದರು. ಆ ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಎರಡನೆಯ ಅಭಿಪ್ರಾಯ ಶುಕ್ರವಾರ ಸಂಜೆ ಬಿಳಿ ಕೋಲು ಹಿಡಿದು ನನ್ನ ಅಂಗಡಿಗೆ ಬಂತು.

ಅವಳ ಹೆಸರು ಸುಜಾತಾ, ಔರಾದಿನವಳು, ಬಿ.ಎ. ಮಾಡಿದ್ದಾಳೆ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಟ್ಯಾಂಕರ್ ವಿಚಾರಿಸುವವರಿಗೆ ಫೋನಿನಲ್ಲಿ ಉತ್ತರ ಹೇಳಲು ಕಚೇರಿಯವರು ಅವಳನ್ನು ಹದಿನೈದು ದಿನದ ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದರು. ಪರದೆಯ ಮೇಲಿನದ್ದನ್ನು ಓದಿ ಹೇಳುವ ತಂತ್ರಾಂಶ ಒಂದು ಕಿವಿಯಲ್ಲಿ, ಫೋನು ಇನ್ನೊಂದು ಕಿವಿಯಲ್ಲಿ. ಮೊದಲು ಪಟ್ಟಿ ಸಾದಾ ಸಾಲುಗಳಲ್ಲಿ ಬರುತ್ತಿತ್ತು, ಪಟಪಟ ಹೇಳುತ್ತಿದ್ದಳು.

"ಪಟ್ಟಿ ಮಾಡಿದ ಅಣ್ಣಾರು ನೀವೇ ಏನ್ರಿ?"

"ಹೌದವ್ವ. ಹ್ಯಾಂಗ ಅನಸ್ತು?"

"ಮಂದಿ ಭಾಳ ಚಂದ ಅದ ಅಂತಾರ್ರಿ. ಸೋಮವಾರ ನನ್ನ ಕೆಲಸ ತಗೀತಾರ."

ಹೆಂಗಸರು ಫೋನು ಮಾಡಿ, ನಾಳೆ ನೀರಿಗೆ ನಿಲ್ಲಲೋ ಕೂಲಿಗೆ ಹೋಗಲೋ ಎಂದು ಕೇಳುತ್ತಾರಂತೆ. ಇವಳು ಮೂರು ದಿನದಿಂದ 'ಗೊತ್ತಿಲ್ಲ' ಎನ್ನುತ್ತಿದ್ದಾಳೆ. ಸೋಮವಾರ ಸಾಹೇಬರ ಮುಂದೆ ಉತ್ತರ ಹೇಳಲಾಗದಿದ್ದರೆ ಕುರ್ಚಿ ಕಣ್ಣಿದ್ದವರಿಗೆ.

ಇಂಥ ಹೊತ್ತಿನಲ್ಲಿ ಸಲಹೆ ಕೊಡದಿದ್ದರೆ ನನಗೆ ಊಟ ಸೇರುವುದಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡು ಎಂದೆ.

"ದಿನಾ ಬದಲಾಗೂದು ಬಾಯಿಪಾಠ ಮಾಡಿದ್ರ ನಿನ್ನಿ ನೀರು ಹೇಳಿದಂಗ ಆಗ್ತದಲ್ರಿ."

ಹಾಗಾದರೆ ಪಕ್ಕದವರಿಂದ ಓದಿಸಿಕೋ ಎಂದೆ.

"ಮಗ್ಗಲಿನವ್ರೇ ಓದೂದಾದ್ರ ಫೋನೂ ಅವ್ರಿಗೇ ಕೊಡ್ತಾರ್ರಿ. ಖರೇನೂ ಅದ."

ಮೂರನೆಯ ಸಲಹೆಗೆ ಅವಳು ಜಾಗ ಕೊಡಲಿಲ್ಲ. ಪೆನ್‌ಡ್ರೈವಿನಲ್ಲಿ ತಂದಿದ್ದ ತಂತ್ರಾಂಶವನ್ನು ನನ್ನ ಕಂಪ್ಯೂಟರಿಗೆ ಹಾಕಿಸಿ, ಇಯರ್‌ಫೋನ್ ಚಾಚಿ, "ಹೆಗಲ ಮ್ಯಾಲ ಟವೆಲ್ ಇದ್ರ ಮಾರಿ ಮುಚ್ಕೋರಿ" ಎಂದಳು. ಮುಚ್ಚಿಕೊಂಡೆ. ನನ್ನ ಕಲ್ಲಂಗಡಿ ಹಣ್ಣು, ನೆಗಡಿಯಾದ ಗುಮಾಸ್ತನಂತೆ, ಮಾತಾಡತೊಡಗಿತು: "ಚಿತ್ರ. ಚಿತ್ರ. ಖಾಲಿ. ಆರು. ನಾಲ್ಕು. ಖಾಲಿ. ಎರಡು."

"ಗುರುವಾರ ತಾಂಡಾಕ್ಕ ನೀರು ಬರ್ತದೇನ್ರಿ?"

"ನಾಕು ಅಂತದಲ್ಲ."

"ನಾಕು ಗಂಟೇನೋ, ನಾಕು ಟ್ರಿಪ್ಪೋ? ಗುರುವಾರದ್ದೋ, ಶುಕ್ರವಾರದ್ದೋ?"

ಟವೆಲ್ಲಿನ ಕೆಳಗೆ ಕತ್ತಲು. ಆ ಕತ್ತಲು ನನಗೆ ಹೊಸದಲ್ಲ, ಹತ್ತು ವರ್ಷ ನನ್ನ ಕೈ ಅದರೊಳಗೇ ದುಡಿದಿದೆ. ದನದ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಅದುಮುತ್ತಾರೆ. ನಾಲ್ಕು ಬೆರಳು ಹಿಡಿದರೆ ನಾಲ್ಕು. ಆದರೆ ನಾಲ್ಕು ನೂರೋ, ನಾಲ್ಕು ಸಾವಿರವೋ? ಅದಕ್ಕೇ ಪ್ರತಿ ಸಲ ಅದುಮುವ ಮುಂಚೆ 'ಇವು ಸಾವಿರ', 'ಇವು ನೂರು' ಎಂದು ಮೆಲ್ಲಗೆ ಹೇಳಬೇಕು. ಮೊದಲ ವಾರ ನಾನು ಹೇಳದೆ ಅದುಮಿ ಜಗಳ ತಂದಾಗ, ಕಸುಬು ಕಲಿಸಿದ ಮೆಹಬೂಬ್ ಚಾಚಾ ಕಿವಿ ಹಿಂಡಿ, "ಪೈಲೆ ನಾಮ್ ಬೋಲ್ ರೇ, ಫಿರ್ ಉಂಗ್ಲಿ ದಬಾ" ಎಂದಿದ್ದರು. ಮೊದಲು ಹೆಸರು ಹೇಳು, ಆಮೇಲೆ ಬೆರಳು ಅದುಮು. ಸಾಲೆಯ ಮೆಟ್ಟಿಲು ಹತ್ತದ ಚಾಚಾ ಕೋಷ್ಟಕಶಾಸ್ತ್ರವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ನಾನು ಮಾತ್ರ ಸುಜಾತಾಳ ಕೈಯಲ್ಲಿ ಹೆಸರಿಲ್ಲದ ಬೆರಳುಗಳನ್ನು ಅದುಮುತ್ತಾ ಕೂತಿದ್ದೆ.

ಶನಿವಾರ, ಭಾನುವಾರ ಇಬ್ಬರೂ ಕೂತೆವು. ಚಿತ್ರಗಳನ್ನು ಕಿತ್ತು ವಾರಗಳನ್ನು ಅಕ್ಷರದಲ್ಲಿ ಬರೆದೆ. ಒಡೆದ ಮನೆಗಳಿಗೆ ಮತ್ತೆ ಗೋಡೆ ಕಟ್ಟಿದೆ. ಯಾವುದು ತಲೆಬರಹ, ಯಾವುದು ಅಂಕಿ ಎಂದು ಯಂತ್ರಕ್ಕೆ ತಿಳಿಯುವಂತೆ ಗುರುತು ಹಾಕಿ, ಪ್ರತಿ ಅಂಕಿಯನ್ನೂ ತನ್ನ ಊರಿಗೆ, ತನ್ನ ವಾರಕ್ಕೆ ಗಂಟು ಹಾಕಿದೆ. ಕೆಂಪು ಇದ್ದಲ್ಲಿ 'ಇಲ್ಲ' ಎಂದು ಬರೆದೆ. ಇಲ್ಲ ಎನ್ನಲು ಕನ್ನಡದಲ್ಲಿ ಒಂದು ಶಬ್ದವಿದೆ ಎಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ. ಒಂದೊಂದು ಮನೆಯನ್ನೂ ಅವಳು ಕೇಳಿ ಪಾಸು ಮಾಡಿದಳು. ನಡುನಡುವೆ ನಾನು ಸಂತೆಯ ಕಥೆ, ಕೊಂಬಿನ ಬಣ್ಣದ, ಹಲ್ಲಿನ ಕಥೆ ಹೇಳಿದೆ. "ಈಗ್ಯಾಕ ಹೇಳ್ತೀರಿ, ನಿಮ್ಮ ಪಟ್ಟಿ ಕೇಳಿ ಶುಕ್ರವಾರನೇ ಗೊತ್ತಾಗ್ಯದ" ಎಂದಳು. ಭಾನುವಾರ ಸಂಜೆ ಯಂತ್ರ ಹೇಳಿತು: "ಗುರುವಾರ, ಗಂಟೆ, ನಾಲ್ಕು."

ಸೋಮವಾರ ಸಾಹೇಬರು ಪುಟ ನೋಡಿ ಮುಖ ಹುಳ್ಳಗೆ ಮಾಡಿದರು. "ಏನ್ರಿ ಇದು, ರೇಷನ್ ಚೀಟಿಯಂಗ ಮಾಡೀರಲ್ಲ."

ಚೌಕಾಸಿ ನನ್ನ ರಕ್ತದಲ್ಲಿದೆ. ಮೊದಲು ಹುಡುಗಿಯ ಪರೀಕ್ಷೆ, ಆಮೇಲೆ ಚಂದದ ಮಾತು ಎಂದೆ. ಒಪ್ಪಿದರು, ಆದರೆ ಭದ್ರತೆಗೆಂದು, ಅವಳ ಕುರ್ಚಿಗೆ ಆರಿಸಿಟ್ಟಿದ್ದ ಗುಮಾಸ್ತರನ್ನೂ ಇನ್ನೊಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಅದೇ ಪುಟ, ಎರಡು ಕಣ್ಣು, ಜೊತೆಗೊಂದು ಕನ್ನಡಕ. ಫೋನು ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ತಾಂಡಾದ ಹೆಂಗಸೊಬ್ಬಳು ಊರು ಹೇಳಿ, "ನಾಳಿ ನೀರಿಗಿ ನಿಂದರ್ಲೇನ್ರಿ, ಕೂಲಿಗಿ ಹೋಗ್ಲೇನ್ರಿ?" ಎಂದಳು.

ಗುಮಾಸ್ತರ ಬೆರಳು ಪರದೆಯ ಮೇಲೆ ಎಡದಿಂದ ಬಲಕ್ಕೆ ಹೊರಟು, ದಾರಿಯಲ್ಲಿ ಒಂದು ಸಾಲು ಕೆಳಗಿಳಿಯಿತು. "ಮುಂಜಾನಿ ಏಳಕ್ಕ ಅದ ನೋಡವ್ವ, ನೀರಿಗಿ ನಿಂದರು."

ಸುಜಾತಾ ನಾಲ್ಕು ಸಲ ಕೀಲಿ ಒತ್ತಿದಳು. "ಅಕ್ಕಾರ, ಇಲ್ಲಿ ಕೇಳ್ರಿ. ಮುಂಜಾನಿ ಏಳು ಕೆಳಗಿನ ತಾಂಡಾದ್ದು. ನಿಮ್ಮದು ಸಂಜಿ ಐದಕ್ಕ, ಎರಡು ಟ್ರಿಪ್. ಆರಾಮ ಕೂಲಿಗಿ ಹೋಗಿ ಬರ್ರಿ."

ಸಾಹೇಬರು ಬಗ್ಗಿ ಪರದೆಗೆ ಮೂಗು ತಾಗಿಸಿ, ಸಾಲಿನ ಮೇಲೆ ಕಾಗದ ಅಡ್ಡ ಇಟ್ಟು ನೋಡಿದರು. ಸಂಜೆ ಐದೇ. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪು ಗಾಜಿನದ್ದೆಂದು ಎಲ್ಲರೂ ಒಪ್ಪಿಕೊಂಡೆವು. ತಪ್ಪಾಯಿತು ಎನ್ನುವ ಶಬ್ದ ಕಚೇರಿಯ ಕನ್ನಡದಲ್ಲಿ ಇಲ್ಲ, ಅದಕ್ಕೇ ಸಾಹೇಬರು, "ಇರ್ಲಿ, ಈಕೀನೇ ಮುಂದುವರೀಲಿ" ಎಂದರು. ಬಾಗಿಲವರೆಗೆ ಹೋದವರು ತಿರುಗಿ, "ಆದ್ರ ಮೀಟಿಂಗಿಗಿ ಈ ರೇಷನ್ ಚೀಟಿ ಹ್ಯಾಂಗ ತೋರಸೂದ್ರಿ?" ಎಂದು ನನ್ನನ್ನೇ ಕೇಳಿದರು.

ಸಲಹೆ ನನ್ನ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಸುಜಾತಾ ಒಂದು ಕಿವಿಯ ಇಯರ್‌ಫೋನ್ ತೆಗೆದಳು.

"ಹಲ್ಲು ಛಲೋ ಅವ ಅಣ್ಣಾರ. ಇನ್ನ ಕೊಂಬಿಗಿ ಎಷ್ಟು ಬೇಕಾದ್ರೂ ಬಣ್ಣ ಹಚ್ಕೋರಿ."